ಆಯುಧ ಮಾರಿದ ರಾಜ ತಿದಿ ಒತ್ತಿದ್ದು

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಹಿಂದೆ ಹೋಗಿ. ಏಳು ಗುಡ್ಡದ ಆಚೆ ಕರಿಗಲ್ಲೂರು ಅನ್ನೋ ರಾಜ್ಯದಲ್ಲಿ ಶಾಂತರಾಜ ಅಂತ ಒಬ್ಬ ರಾಜ ಇದ್ದ. ಬಲು ಸಾಧು. ಇರುವೆ ತುಳಿದರೂ ಅಯ್ಯೋ ಪಾಪ ಅಂತಿದ್ದ. ಮನೆತನದ ಕಸುಬು ಮಾತ್ರ ಆಯುಧ ಮಾರೋದು.

ತಾತ ಮೂಡಣ ರಾಜ್ಯಕ್ಕೆ ಬಾಣ ಮಾರಿದ. ಗುಡ್ಡದ ಕಬ್ಬಿಣ ಖಾಲಿ. ಆ ಬಾಣಕ್ಕೆ ಹೆದರಿದ ಪಡುವಣದೋರಿಗೆ ಅಪ್ಪ ಈಟಿ ಮಾರಿದ. ಮನೆಮನೆಯ ಬಾಣಲೆ, ಚಿಲಕ ಖಾಲಿ. ಇಬ್ಬರಿಗೂ ಹೆದರಿದ ಬಡಗಣದೋರಿಗೆ ಶಾಂತರಾಜ ಕತ್ತಿ ಮಾರಿದ. ನೇಗಿಲ ಗುಳವೂ ಖಾಲಿ. ಒಂದೊಂದು ಆಯುಧದ ಮೇಲೂ ಪಾರಿವಾಳದ ಮುದ್ರೆ! ಶಾಂತಿಪ್ರಿಯರು ಅಲ್ವಾ? ಯಾರಾದರೂ ಕೇಳಿದರೆ ತಾತ, ಅಪ್ಪ, ಮಗ ಮೂವರದೂ ಒಂದೇ ಮಾತು: “ನಾವು ಮಾರ್ತೀವಿ ಅಷ್ಟೇ. ಹೊಡೆದಾಡಿ ಅಂದ್ವಾ?”

ಆ ವರ್ಷ ಜೋಳ ಕೊಯ್ಲಿಗೆ ಬಂದಿತ್ತು. ಊರಲ್ಲಿ ಉಳಿದ ಕಬ್ಬಿಣ ಅಂದರೆ ಕುಡುಗೋಲು ಮಾತ್ರ. ರಾಜ ಕುಲುಮೆಯ ಕಾಳಮ್ಮನನ್ನು ಕರೆಸಿದ.

“ಕುಡುಗೋಲೆಲ್ಲ ಕರಗಿಸು ಕಾಳಮ್ಮ. ಮೂರು ರಾಜ್ಯಕ್ಕೂ ಇನ್ನಷ್ಟು ಆಯುಧ ಬೇಕಂತೆ.”

“ಬುದ್ಧಿ, ಜೋಳ ಯಾವುದರಲ್ಲಿ ಕೊಯ್ಯೋದು? ಮಕ್ಕಳು ಏನು ತಿನ್ನಬೇಕು?”

“ಕೈಯಲ್ಲೇ ಕಿತ್ಕೊಳ್ಳಿ. ಮೂರು ದಿನ ಗಡುವು.”

ಥೂ, ಅವನ ಶಾಂತಿಗೆ ಬೆಂಕಿ ಬೀಳ!

ಅಷ್ಟರಲ್ಲಿ ಮೂರು ಸೈನ್ಯಗಳೂ ಬಯಲಲ್ಲಿ ಎದುರಾದವು. ನೋಡ್ತಾರೆ, ಇವರ ಬಾಣದ ಮೇಲೆ ಪಾರಿವಾಳ, ಅವರ ಈಟಿ ಮೇಲೆ ಪಾರಿವಾಳ, ಇನ್ನೊಬ್ಬರ ಕತ್ತಿ ಮೇಲೂ ಪಾರಿವಾಳ. “ಎಲಾ ಕಳ್ಳ! ಮೂವರಿಗೂ ಮಾರಿದ್ದಾನೆ!” ಅಂತ ಒಟ್ಟಾಗಿ ಕರಿಗಲ್ಲೂರಿನ ಮೇಲೆ ಬಂದರು.

ಶಾಂತರಾಜ ಕುಲುಮೆಗೆ ಓಡಿದ. “ತಾಯಿ, ನನಗೊಂದು ಕತ್ತಿ ಕೊಡು!”

“ಎಲ್ಲಾ ಮಾರಿದ್ದಾಯ್ತಲ್ಲ ಬುದ್ಧಿ. ಇಲ್ಲೇ ಕೂತಿರಿ,” ಅಂದು ಕಾಳಮ್ಮ ಊರ ಬಾಗಿಲಿಗೆ ಹೋದಳು.

ಕರಿಗಲ್ಲೂರ ಕುಲುಮೆಗೆ ಒಂದು ಹಳೇ ಪದ್ಧತಿ ಇತ್ತು. ಇಲ್ಲಿ ಮಾಡಿದ ಆಯುಧಕ್ಕೆ ಇಲ್ಲೇ ಸಾಣೆ, ಅದೂ ಬಿಟ್ಟಿ. ಮೂರು ರಾಜ್ಯದೋರಿಗೂ ಇದು ಗೊತ್ತು.

“ಬನ್ರಪ್ಪಾ! ಮೊಂಡು ಆಯುಧ ಹಿಡ್ಕೊಂಡು ಯಾರಾದರೂ ಯುದ್ಧಕ್ಕೆ ಬರ್ತಾರಾ? ಕೊಡಿ, ಸಾಣೆ ಹಿಡ್ದು ಕೊಡ್ತೀನಿ. ಮೊದಲು ಬಂದೋರಿಗೆ ಮೊದಲು!”

ಬಿಟ್ಟಿ ಅಂದಮೇಲೆ ಕೇಳಬೇಕಾ? ಪಕ್ಕದೋರದು ತನಗಿಂತ ಚೂಪಾದೀತು ಅನ್ನೋ ದಿಗಿಲು ಬೇರೆ. ನೂಕಾಡಿಕೊಂಡು ಬಂದು ಕುಲುಮೆ ಬಾಗಿಲಲ್ಲಿ ಅಷ್ಟೂ ಆಯುಧ ರಾಶಿ ಹಾಕಿದರು.

ಒಳಗೆ ಅಡಗಿದ್ದ ರಾಜನ ಕಣ್ಣು ಅರಳಿತು. “ಭಲೇ! ಇನ್ನೊಂದು ಸಲ ಮಾರೋಣ!”

“ಹೊರಗೆ ಕಾಯ್ತಿದ್ದಾರೆ ಬುದ್ಧಿ. ಇವನ್ನ ಹಾಗೇ ವಾಪಸ್ ಕೊಟ್ಟರೆ ಮೊದಲು ಹೋಗೋದು ನಿಮ್ಮ ತಲೆ. ನಾನಂತೂ ಕರಗಿಸ್ತೀನಿ. ಬೆಂಕಿಗೆ ಗಾಳಿ ಊದೋ ತಿದಿ ಒತ್ತೋಕೆ ಆಳಿಲ್ಲ.”

ಹೊರಗಿಂದ ಕೂಗು: “ಆಯ್ತಾ?” ರಾಜ ಎದ್ದುಬಿದ್ದು ತಿದಿ ಒತ್ತಿದ. ಬಾಣವೆಲ್ಲ ಕುಡುಗೋಲಾಯ್ತು. “ಆಯ್ತಾ?” ಇನ್ನೂ ಜೋರಾಗಿ ಒತ್ತಿದ. ಈಟಿಯೆಲ್ಲ ಗುಳವಾಯ್ತು. “ಆಯ್ತಾ?” ಕಿರೀಟ ಜಾರಿ ಬೂದಿಗೆ ಬಿತ್ತು. ಕತ್ತಿಯೆಲ್ಲ ಬಾಣಲೆಯಾಯ್ತು.

“ಅಂಗೈ ಬೊಬ್ಬೆ ಎದ್ದಿದೆ ಕಾಳಮ್ಮ!” ಅಂತ ಅತ್ತ.

“ನಾನು ಕರಗಿಸ್ತೀನಿ ಅಷ್ಟೇ ಬುದ್ಧಿ. ತಿದಿ ಒತ್ತಿ ಅಂದ್ನಾ?”

ಕಾಳಮ್ಮ ಸೈನಿಕರ ಕೈಗೆ ಒಂದೊಂದು ಕುಡುಗೋಲು ಕೊಟ್ಟಳು. “ಚೂಪಾಗಿದೆಯಾ ನೋಡ್ಕೊಳ್ಳಿ. ನಿಮ್ಮೂರಲ್ಲೂ ಜೋಳ ಬಲಿತಿರಬೇಕಲ್ಲ?” ಜೋಳ ಅಂದದ್ದೇ ತಡ, ಅವರಿಗೆ ಮನೆಯ ರೊಟ್ಟಿ ನೆನಪಾಯ್ತು. ಹೊಟ್ಟೆ ಚುರ್ ಅಂತಿತ್ತು. ತಲೆ ಕೆರೆದುಕೊಂಡು ಊರ ದಾರಿ ಹಿಡಿದರು. ಕರಿಗಲ್ಲೂರ ಮಕ್ಕಳು ಆ ವರ್ಷ ಹೊಟ್ಟೆ ತುಂಬ ರೊಟ್ಟಿ ತಿಂದರು. ಶಾಂತರಾಜ? ಅವನು ಈಗಲೂ ತಿದಿ ಒತ್ತುತ್ತಾ ಇದ್ದಾನೆ.

ಇದರ ನೀತಿ ಏನು ಗೊತ್ತಾ ಮಕ್ಕಳೇ? ಕೊಲ್ಲೋ ಸಾಮಾನು ಮಾರಿ, ಕೊಂದೋನು ನಾನಲ್ಲ ಅನ್ನೋನೂ ಕೊಂದೋನೇ. ಅವನ ಪಾರಿವಾಳ ನೋಡಿ ಮೋಸ ಹೋಗಬೇಡಿ.