ಮದ್ದು ತುಂಬುವ ಹೊತ್ತು

"ಗುರುಗಳೇ, ತನ್ನವರ ಕಷ್ಟ ಕಂಡೂ ಕಟ್ಟಳೆ ಸಡಿಲಿಸದಿದ್ದರೆ ಅದು ಧರ್ಮವೋ, ಕಲ್ಲೆದೆಯೋ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಸೀಮೆಯಲ್ಲಿ ಬೇಟೆ ಹೆಚ್ಚಿ ಕಡವೆಗಳು ಕಡಿಮೆಯಾದವು. ಅರಸ ಕಾಡಿಗೊಬ್ಬ ಕಾವಲಿನವನನ್ನು ನೇಮಿಸಿದ. ಅವನು ಕಾಡೆಲ್ಲ ತಿರುಗಿ ಮರಿಗಳನ್ನು ಎಣಿಸಿದ. ವರ್ಷಕ್ಕೆ ಏಳೇ ಜನರಿಗೆ ಬೇಟೆಯ ಪರವಾನಗಿ ಎಂದು ಗೊತ್ತುಮಾಡಿದ. ಚೀಟಿ ಎತ್ತಿದಾಗ ಯಾರ ಹೆಸರು ಬಂತೋ ಅವರಿಗೆ ಒಂದೇ ದಿನ. ಅದೂ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಯಲ್ಲೇ. ಸಿದ್ಧ ತೋಟಾ ಹಾಕಿ ಥಟ್ಟನೆ ಹಾರಿಸುವ ತೋಟಾ ಕೋವಿ ಕೂಡದು. ಮದ್ದನ್ನು ಬೇರೆಯವರು ತುಂಬಿಕೊಡುವಂತೆಯೂ ಇಲ್ಲ. "ಕಾಡೇನು ಇವನಪ್ಪನ ಆಸ್ತಿಯೇ?" ಎಂದು ಊರವರು ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ಅಣ್ಣ ಹೆಸರಾಂತ ಬೇಟೆಗಾರ. ತಂದೆ ತೀರಿಹೋದ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು. ಹನ್ನೊಂದು ವರ್ಷ ಚೀಟಿ ಹಾಕಿದರೂ ಅವನ ಹೆಸರು ಬರಲಿಲ್ಲ. ಹನ್ನೆರಡನೆಯ ವರ್ಷ ಹೆಸರು ಬಂತು. ಅಷ್ಟರಲ್ಲಿ ಅವನ ಕೈ ನಡುಗತೊಡಗಿತ್ತು.

ಅವನು ತಮ್ಮನ ಮನೆಗೆ ಬಂದ. "ತಮ್ಮಾ, ಇದು ನನ್ನ ಕಡೆಯ ಬೇಟೆ. ಮೊದಲ ಗುಂಡು ತಪ್ಪಿದರೆ ಈ ಕೈಯಲ್ಲಿ ಬೇಗ ಮದ್ದು ತುಂಬಲಾರೆ. ಇದೊಂದು ಸಲ ತೋಟಾ ಕೋವಿ ಹಿಡಿಯಲು ಬಿಡು. ನಿನ್ನನ್ನು ಎತ್ತಿ ಆಡಿಸಿದ ಕೈಯಪ್ಪಾ ಇದು."

ತಮ್ಮ ಆ ಕೈಯನ್ನು ಹಿಡಿದುಕೊಂಡ. ಆದರೂ ಹೇಳಿದ: "ಅಣ್ಣಾ, ನನ್ನ ಮನೆ ಕೇಳು, ಕೊಡುತ್ತೇನೆ. ಮದ್ದು ತುಂಬುವ ಹೊತ್ತು ಕಡವೆಯ ಪಾಲು. ಅದನ್ನು ಕೊಡಲು ನಾನು ಯಾರು?"

ಅಣ್ಣ ನೀರನ್ನೂ ಮುಟ್ಟದೆ ಎದ್ದುಹೋದ. ಅವನೂ ಛಲದಲ್ಲಿ ಕಡಿಮೆಯವನಲ್ಲ. ಒಂದು ತಿಂಗಳು ಬಿದಿರ ಕೊಳವೆಗೆ ರಾಗಿ ತುಂಬಿ ತುಂಬಿ ಕೈ ಪಳಗಿಸಿದ. ಗೊತ್ತಾದ ದಿನ ಕಾಡಿಗೆ ಹೋದ. ಮೊದಲ ಗುಂಡು ತಪ್ಪಿತು. ಕಡವೆ ಬೆಚ್ಚಿ ನಿಂತಲ್ಲೇ ನಿಂತಿತು. ಅಣ್ಣ ಮದ್ದು ಸುರಿದ, ಅರ್ಧ ನೆಲಕ್ಕೆ ಚೆಲ್ಲಿತು. ಮತ್ತೆ ಸುರಿದು, ಗಜದ ಕೋಲಿನಿಂದ ನಳಿಗೆಯೊಳಗೆ ಜಡಿದು, ಕೋವಿ ಎತ್ತುವಷ್ಟರಲ್ಲಿ ಕಡವೆ ಗುಡ್ಡ ದಾಟಿತ್ತು.

ಅವನು ಸಾಯುವವರೆಗೂ ತಮ್ಮನ ಹೊಸಿಲು ತುಳಿಯಲಿಲ್ಲ. ತಮ್ಮ ಅದಕ್ಕಾಗಿ ಅತ್ತ. ಅಳುತ್ತಲೇ ಮರುವರ್ಷವೂ ಏಳೇ ಚೀಟಿ ಎತ್ತಿದ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಕರುಣೆ ಬೇಡಿ ಬಂದ ಅಣ್ಣನನ್ನೇ ಬರಿಗೈಯಲ್ಲಿ ಕಳಿಸಿದನಲ್ಲ, ಗುರುಗಳೇ!"

ಗುರುಗಳು ಹೇಳಿದರು: "ಅಣ್ಣನಿಗೆ ಬೇಡಲು ಬಾಯಿತ್ತು ಮಗು, ಕಡವೆಯ ಪರವಾಗಿ ಆ ಬಾಗಿಲಿಗೆ ಬಂದು ಬೇಡುವವರು ಯಾರಿದ್ದರು?"