ಕೆಂಪು ಪಟ್ಟಿಗೊಂದು ಕತ್ತರಿ

ತುರ್ತು ಚಿಕಿತ್ಸಾ ಘಟಕದಲ್ಲಿ ಖಾಲಿ ಇದ್ದದ್ದು ಒಂದೇ ಮಂಚ. ಕಾಯಿಲೆಯ ತುರ್ತು ನೋಡಿ ರೋಗಿಗಳ ಕೈಗೆ ಬಣ್ಣದ ಪಟ್ಟಿ ಕಟ್ಟುವ ನರ್ಸಿನ ಕಣ್ಣು, ಬೆವರುತ್ತಿದ್ದ ಅಜ್ಜಿಯ ಮೇಲಿತ್ತು. ಕೆಂಪು ಪಟ್ಟಿಯೆಂದರೆ ಜೀವಕ್ಕೇ ಅಪಾಯ, ಮಂಚ ಮೊದಲು ಅವರಿಗೆ.

"ನಂಗೇನಿಲ್ಲ ಕಣವ್ವ, ಬರೀ ಸುಸ್ತು" ಎಂದಳು ಅಜ್ಜಿ. ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಹೃದಯಾಘಾತವಾಗುವುದು ನರ್ಸಿಗೆ ಗೊತ್ತಿತ್ತು.

ಅಷ್ಟರಲ್ಲಿ ಕಾಲು ಉಳುಕಿದ ಪುರಸಭಾ ಸದಸ್ಯ ಪುಟ್ಟಮಾದಪ್ಪನವರು ರೇಷ್ಮೆ ಜುಬ್ಬದಲ್ಲಿ ಅಡ್ಡ ನಿಂತರು. "ನಾನ್ಯಾರು ಗೊತ್ತೇನಮ್ಮ? ಕೆಂಪು ಪಟ್ಟಿ ನಂಗೆ ಕಟ್ಟು. ಮಂಚ ನಂದು."

"ಆಗ್ಲಿ ಸಾರ್." ಕಟ್ಟಿದಳು. ಕಟ್ಟಿ, ದೊಡ್ಡ ಕತ್ತರಿಯನ್ನು ಜುಬ್ಬದ ಅಂಚಿಗೆ ಹಿಡಿದಳು.

"ಏಯ್, ಏನಿದು?"

"ಕೆಂಪು ಪಟ್ಟಿಯವರ ಬಟ್ಟೆ ಬಿಚ್ಚೋಕೆ ಪುರಸೊತ್ತಿರಲ್ಲ ಸಾರ್, ಕತ್ತರಿಸಿಬಿಡ್ತೀವಿ. ಪಂಚೇನೂ ಸೇರಿಸಿ."

ಸದಸ್ಯರು ಸುತ್ತಲಿನ ಜನರನ್ನೊಮ್ಮೆ ನೋಡಿದರು. ಪಟ್ಟಿಯನ್ನು ತಾವೇ ಬಿಚ್ಚಿಕೊಟ್ಟು, ಉಳುಕಿದ ಕಾಲಲ್ಲೇ ಬೆಂಚಿಗೆ ಓಡಿದರು.

ನರ್ಸು ಅದನ್ನೇ ಅಜ್ಜಿಗೆ ಕಟ್ಟಿ ಮಂಚಕ್ಕೆ ಸಾಗಿಸಿದಳು.

"ಅಯ್ಯೋ, ನನ್ನ ಸೀರೆ!"

"ಹೆದರ್ಬೇಡಿ ಅಜ್ಜಿ, ಕತ್ತರಿ ತನ್ನ ಕೆಲಸ ಆಗ್ಲೇ ಮುಗಿಸಿದೆ."