ಕೆರೆಗೆ ಇಳಿದ ಹೊಗೆ

“ಕೇಳ್ರಪ್ಪೋ ಕೇಳ್ರಿ! ವಿಷಹೊಗೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ! ತಪ್ಪಿದವನಿಗೆ ಸಾವು!” ಎಂದು ಕಿಟ್ಟದಪುರದಲ್ಲಿ ಡಂಗುರ ಸಾರಿದರು.

ಅರಸನ ಚಿನ್ನದ ಕುಲುಮೆ ಗುಡ್ಡದ ಪಡುವಣ ಇಳಿಜಾರಿನಲ್ಲಿತ್ತು, ಅದರ ಕೆಳಗೆ ಕೇರಿ, ಕೆರೆ. ಒಂದು ಸಂಜೆ ಕುಲುಮೆ ಬಿರಿದು ವಿಷಹೊಗೆ ಹೊರಬಿದ್ದಾಗ ನಗಾರಿ ಹೊಡೆದು, “ಕೆರೆಗೆ ಓಡಿ!” ಎಂದರು. ಬೆಂಕಿಗೆ ನೀರು ಮದ್ದಾದರೆ ಹೊಗೆಗೂ ಅದೇ ಮದ್ದು ಎಂದು ಊರಿನ ನಂಬಿಕೆ. ಓಡಿದವರೆಲ್ಲ ಕೆರೆಯ ಮೆಟ್ಟಿಲ ಮೇಲೇ ಸತ್ತರು. ಕುಂಬಾರರ ಚೌಡನ ಅವ್ವನೂ ಸತ್ತಳು. ಆದರೂ ಕುಲುಮೆ ಆರಲಿಲ್ಲ, ಚಿನ್ನದಾಸೆ ಅಂಥದ್ದು.

ಅರಸ ಕೇಳಿದ: “ಕಾಲಿಲ್ಲದವನು ಹಗಲು ಮುಗಿಲಿಗೇರುತ್ತಾನೆ, ಸಂಜೆ ತಗ್ಗಿಗಿಳಿಯುತ್ತಾನೆ, ಯಾಕೆ? ಕೋಟೆಯ ಬಾವುಟ ಮೂಡಣಕ್ಕೆ ಹಾರುವಾಗ ಹೆಣ ಪಡುವಣದಲ್ಲಿ ಬಿದ್ದವಲ್ಲ, ಸುಳ್ಳು ಹೇಳಿದ್ದು ಯಾರು? ಇನ್ನೊಮ್ಮೆ ಹೊಗೆ ಬಂದರೆ ಎಲ್ಲಿ ನಿಂತವನು ಬದುಕುತ್ತಾನೆ?”

ಉತ್ತರ ಹೇಳಿದವನು ತಾನು ಹೇಳಿದ ಜಾಗದಲ್ಲೇ ನಿಲ್ಲಬೇಕು. ಜನರನ್ನು ದೂರ ಕಳಿಸಿ, ಸಂಜೆ ಕುಲುಮೆಯ ಬಾಯಿ ತೆರೆಯುತ್ತಾರೆ. ಜೋಯಿಸರ ಮಗ ಬಾವುಟ ನಂಬಿ ಪಡುವಣ ಕೇರಿಯಲ್ಲಿ ನಿಂತ. ದಳವಾಯಿಯ ಅಳಿಯ ಕೆರೆಯಲ್ಲಿ ಕುತ್ತಿಗೆಮಟ್ಟ ಇಳಿದ. ಇಬ್ಬರನ್ನೂ ಚಟ್ಟದ ಮೇಲೆ ತಂದರು.

ಚೌಡ ಅಂಗಳದಲ್ಲಿ ಮಣ್ಣಿನ ಊರು ಕಟ್ಟಿದ. ಗುಡ್ಡ, ಕೇರಿ, ಕೆರೆ ಎಲ್ಲ ಮಾಡಿ, ಕುಲುಮೆಯ ಜಾಗದಲ್ಲಿ ಹಸಿಹುಲ್ಲು ಹೊಗೆಯಾಡಿಸಿದ. ಹೊಗೆ ಬಾವುಟದ ಜೊತೆಗೇ ಮೂಡಣಕ್ಕೆ ಹೋಯಿತು. ಹಾಗಾದರೆ ಅವ್ವ ಸತ್ತದ್ದು ಹೇಗೆ? ತಲೆ ಕೆಟ್ಟುಹೋಯಿತು. ಆಮೇಲೆ ನೆನಪಾಯಿತು, ಕುಲುಮೆಯ ಮೂಡಣಕ್ಕೆ ಅಡ್ಡವಾಗಿದ್ದ ಕೋಟೆಗೋಡೆಯನ್ನೇ ಮರೆತಿದ್ದ. ಗೋಡೆ ಎತ್ತಿ ಸಂಜೆ ಮತ್ತೆ ಹೊಗೆಯಾಡಿಸಿದ. ಹೊಗೆ ಗೋಡೆಗೆ ಬಡಿದು ಹಿಂದಿರುಗಿ, ತಣ್ಣಗೆ ತೆವಳುತ್ತ ಕೆರೆಗಿಳಿಯಿತು. ಚೌಡ ನೋಡಲಾರದೆ ಮುಖ ಮುಚ್ಚಿಕೊಂಡ.

“ಬುದ್ದೀ,” ಎಂದ ಅರಸನ ಮುಂದೆ, “ಹಗಲು ನೆಲ ಕಾದು ಹೊಗೆಯನ್ನು ಎತ್ತುತ್ತದೆ, ಸಂಜೆ ಅದು ತಣಿದು ಭಾರವಾಗಿ ಇಳಿಯುತ್ತದೆ. ಬಾವುಟ ಸುಳ್ಳಾಡಲಿಲ್ಲ. ಅದು ಹೇಳಿದ್ದು ಮೇಲಿನ ಗಾಳಿಯ ಮಾತು. ಕೆಳಗಿನದನ್ನು ತಮ್ಮ ಗೋಡೆ ತಿರುಗಿಸಿತು. ಬದುಕಬೇಕಾದರೆ ಗೋಡೆಯಾಚೆ, ಗುಡ್ಡದ ನೆತ್ತಿಗೆ ಹತ್ತಬೇಕು.”

ಹೇಳಿದಂತೆ ನೆತ್ತಿ ಹತ್ತಿ ನಿಂತ. ಸಂಜೆ ಕುಲುಮೆಯ ಬಾಯಿ ತೆರೆದರು. ಹೊಗೆ ಕೆಳಗಿಳಿಯಿತು, ಚೌಡ ಉಳಿದ.

“ಯಾವ ಅರ್ಧ ಬೇಕೋ ಆರಿಸಿಕೋ,” ಎಂದ ಅರಸ.

“ಪಡುವಣದ್ದು. ಕೇರಿ, ಕೆರೆ, ಸುಡುಗಾಡು.”

“ಹಾಳುನೆಲ ಯಾಕಯ್ಯ?”

“ನನ್ನ ನೆಲವಾದ ಮೇಲೆ ತಮ್ಮ ಹೊಗೆ ಅಲ್ಲಿಗೆ ಕಾಲಿಡಕೂಡದು, ಬುದ್ದೀ.”

ಅರಸ ಬಾವುಟ ನೋಡಿದ, ಗೋಡೆ ನೋಡಿದ. ಕೊಟ್ಟ ಮಾತು ಕೊರಳಿಗೆ ಬಂದಿತ್ತು. ಕುಲುಮೆ ಆರಿತು.

ಆ ಸಂಜೆ ಹೊಸ ಅರಸ ಕೆರೆಯ ಮೆಟ್ಟಿಲ ಮೇಲೆ ಕೂತು ಅವ್ವನಿಗಾಗಿ ಬಿಕ್ಕಿ ಬಿಕ್ಕಿ ಅತ್ತ. ಅವರು ಅಲ್ಲಿ ಉಸಿರಾಡಿಕೊಂಡಿದ್ದಾರೆ, ನಾವು ಇಲ್ಲಿ ಗಾಳಿ ಯಾವ ಕಡೆಯದೆಂದು ನೋಡಿಕೊಂಡಿದ್ದೇವೆ.